ಹೊಸಬರನ್ನು ಮೊದಲ ಕೆಲಸಕ್ಕೆ ತಯಾರು ಮಾಡುವುದು ಹೇಗೆ: ಶುರುವಿನಿಂದ ಮೊದಲ ಸಂಬಳದವರೆಗೆ

ಇದು ಹೊಸಬರನ್ನು ಕೆಲಸಕ್ಕೆ ತಯಾರು ಮಾಡುವವರಿಗೆ ಬರೆದದ್ದು. ನೀವು ತರಬೇತಿ ಕೇಂದ್ರದಲ್ಲಿ ಕಲಿಸುತ್ತಿರಬಹುದು, ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತಿರಬಹುದು, ಇಲ್ಲವೇ ಮನೆಯಲ್ಲಿ ತಮ್ಮನೋ ತಂಗಿಯೋ ಮೊದಲ ಸಲ ಕೆಲಸಕ್ಕೆ ಹೊರಟಿರಬಹುದು. ಅಂಗಡಿ, ಗೋಡೌನ್, ಕಾರ್ಖಾನೆ, ಕಾಲ್ ಸೆಂಟರ್, ಆಸ್ಪತ್ರೆಯ ಕೌಂಟರ್ ಯಾವುದೇ ಇರಲಿ, ಆರಂಭದ ಹುದ್ದೆಗೆ ಬಂದವರಿಂದ ಬಯಸುವುದು ಹೆಚ್ಚುಕಡಿಮೆ ಒಂದೇ.

ಬಂದ ದಿನವೇ ಎಲ್ಲ ಕೆಲಸ ಗೊತ್ತಿರಬೇಕು ಅಂತ ಯಾವ ಮಾಲೀಕರೂ ಕೂತಿರುವುದಿಲ್ಲ. ಅದನ್ನು ಅವರೇ ಕಲಿಸಿಕೊಳ್ಳುತ್ತಾರೆ. ಹೇಳಿದ ಹೊತ್ತಿಗೆ ಬರಬೇಕು, ಹೇಳಿದ್ದನ್ನು ಗಮನ ಕೊಟ್ಟು ಕೇಳಬೇಕು, ಮಾಡಬೇಕು, ಏನಾಯಿತು ಅಂತ ಬಂದು ತಿಳಿಸಬೇಕು. ಈ ನಾಲ್ಕರಲ್ಲಿ ಕೊನೆಯದನ್ನು ನಾವು ಎಲ್ಲೂ ಕಲಿಸುವುದಿಲ್ಲ. ಪರೀಕ್ಷೆಯಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆದವರಿಗೆ ಅಂಕ ಸಿಕ್ಕಿದ್ದುಂಟಾ? ಅದೇ ಅಭ್ಯಾಸ ಹಿಡಿದುಕೊಂಡು ಹುಡುಗರು ಕೆಲಸಕ್ಕೆ ಬರುತ್ತಾರೆ, ತಪ್ಪಾದರೆ ಮುಚ್ಚಿಡುತ್ತಾರೆ, ತಿಳಿಯದಿದ್ದರೆ ತಲೆಯಾಡಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಹೊಸಬರು ಕೆಲಸ ಕಳೆದುಕೊಳ್ಳುವುದು ಕೆಲಸ ಬಾರದ್ದಕ್ಕಿಂತ ಬಾಯಿ ಬಿಡದ್ದಕ್ಕೇ ಜಾಸ್ತಿ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಆ ಭಾಗಕ್ಕೆ ಜಾಗ ಹೆಚ್ಚು ಕೊಟ್ಟಿದ್ದೇನೆ.

1. ಮೊದಲು ಕೆಲಸ ಕೊಡುವವರ ಹತ್ತಿರ ಹೋಗಿ ಕೇಳಿ

ಜಾಹೀರಾತು ಓದಿ ತರಬೇತಿ ಶುರು ಮಾಡಬೇಡಿ. ಅದರಲ್ಲಿ "ಉತ್ತಮ ಸಂವಹನ ಕಲೆ", "ತಂಡದಲ್ಲಿ ಕೆಲಸ ಮಾಡುವ ಮನೋಭಾವ" ಅಂತೆಲ್ಲ ಇರುತ್ತದೆ. ಇದನ್ನು ಯಾರಿಗೆ ತಾನೇ ಕಲಿಸಲಾದೀತು? ಸಾಧ್ಯವಾದರೆ ಆ ಜಾಗಕ್ಕೇ ಹೋಗಿ. ಎಚ್‌ಆರ್ ಜೊತೆ ಮಾತಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಶಿಫ್ಟ್ ನಡೆಸುವ ಸೂಪರ್‌ವೈಸರ್ ಹತ್ತಿರ ಹತ್ತು ನಿಮಿಷ ಕೇಳಿಕೊಳ್ಳಿ. ಹೊಸಬರ ಜೊತೆ ದಿನವಿಡೀ ಇರುವವರು ಅವರೇ.

ಅವರಿಗೆ ಕೇಳಬೇಕಾದ್ದು ಇಷ್ಟು: ಮೊದಲ ವಾರ ಹೊಸಬರ ಕೈಲಿ ಏನೇನು ಮಾಡಿಸುತ್ತೀರಿ? ಯಾವ ತಪ್ಪು ಎಲ್ಲರೂ ಮಾಡುತ್ತಾರೆ? ಯಾವ ತಪ್ಪನ್ನು ನೀವು ಸಹಿಸುವುದೇ ಇಲ್ಲ? ಹಿಂದೆ ಯಾರನ್ನಾದರೂ ಬೇಗ ಕಳಿಸಿಬಿಟ್ಟಿದ್ದರೆ ಅದು ಯಾಕೆ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ಪಾಠದ ಮುಕ್ಕಾಲು ಭಾಗ. "ಆ ಹುಡುಗನಿಗೆ ಶ್ರದ್ಧೆ ಇರಲಿಲ್ಲ" ಅಂದರೆ ಬಿಡಬೇಡಿ, ಅವನು ಏನು ಮಾಡಿದ ಅಂತ ಕೇಳಿ. "ಒಂದು ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಫೋನ್ ನೋಡ್ತಾ ಕೂರ್ತಿದ್ದ, ಮುಂದೇನು ಅಂತ ಒಂದು ಸಲನೂ ಕೇಳಲಿಲ್ಲ" ಅನ್ನುತ್ತಾರೆ. ಈಗ ಕಲಿಸಲು ಏನೋ ಸಿಕ್ಕಿತು. ಕೆಲಸ ಮುಗಿದ ತಕ್ಷಣ "ಇದು ಮುಗೀತು, ಮುಂದೇನು ಮಾಡಲಿ?" ಅಂತ ಕೇಳುವುದನ್ನು ಯಾರಿಗೆ ಬೇಕಾದರೂ ಅಭ್ಯಾಸ ಮಾಡಿಸಬಹುದು.

1991ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಒಂದು ಆಯೋಗ, ಕೆಲಸದ ಜಾಗಗಳು ಶಾಲೆಯಿಂದ ಬಂದವರಲ್ಲಿ ಏನು ಹುಡುಕುತ್ತವೆ ಅಂತ ವರದಿ ಕೊಟ್ಟಿತು. ಓದು, ಬರಹ, ಲೆಕ್ಕ, ಕೇಳಿಸಿಕೊಳ್ಳುವುದು, ಮಾತು ಇವು ತಳಪಾಯ; ಜೊತೆಗೆ ಯೋಚಿಸುವ ಶಕ್ತಿ, ಜವಾಬ್ದಾರಿ, ಪ್ರಾಮಾಣಿಕತೆ ಅಂತ ಅದರಲ್ಲಿತ್ತು. ಕಂಪ್ಯೂಟರು, ಫೋನು ಎಷ್ಟೇ ಬದಲಾಗಿರಲಿ, ಇವತ್ತು ಸೂಪರ್‌ವೈಸರ್ ಬಾಯಲ್ಲಿ ಕೇಳುವುದೂ ಇದನ್ನೇ. ಬರೀ ಸಾಫ್ಟ್‌ವೇರ್ ಕಲಿಸಿ ಕಳಿಸಿದರೆ ಸಾಲದು ಅನ್ನುವುದಕ್ಕೆ ಇದನ್ನು ಹೇಳಿದೆ.

2. ನಿಮ್ಮೆದುರು ಕೂತವರು ಎಲ್ಲಿದ್ದಾರೆ ಅಂತ ನೋಡಿ

ಸರ್ಟಿಫಿಕೇಟ್ ನೋಡಿ ನಿರ್ಧರಿಸಬೇಡಿ. ಸಣ್ಣ ಸಣ್ಣ ಕೆಲಸ ಕೊಟ್ಟು ನೋಡಿ. ಅರ್ಧ ಪುಟದ ಸೂಚನೆ ಓದಿ ಅದರಂತೆ ಮಾಡಬಲ್ಲರಾ? 18:30 ಅಂದರೆ ಸಂಜೆ ಆರೂವರೆ ಅಂತ ಗೊತ್ತಾ? ಶೇಕಡಾ 15 ಎಷ್ಟಾಗುತ್ತದೆ, ಡಜನ್ ಲೆಕ್ಕದಲ್ಲಿ ಬಂದ ಸರಕು ಬಿಡಿಯಾಗಿ ಎಷ್ಟು, ಟೇಪಿನಲ್ಲಿ ಅಳತೆ ಓದುವುದು ಹೇಗೆ? ಡಿಗ್ರಿ ಮುಗಿಸಿದವರೂ ಇಲ್ಲಿ ತಡವರಿಸುವುದುಂಟು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಒಂದು ವಾರ ಕೂತರೆ ಬರುತ್ತದೆ. ಆದರೆ ಮೊದಲೇ ಗೊತ್ತಾಗಬೇಕು.

ಮನೆ ಕಡೆಯ ವಿಷಯವನ್ನೂ ಕೇಳಿ. ರಾತ್ರಿ ಪಾಳಿ ಮಾಡಲು ಆಗುತ್ತದಾ, ಮಕ್ಕಳನ್ನು ನೋಡಿಕೊಳ್ಳುವವರು ಇದ್ದಾರಾ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ದಾಖಲೆಗಳಲ್ಲಿ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯಾ ಅಂತ ಒಮ್ಮೆ ತಾಳೆ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಸೇರುವ ದಿನ ತಲೆಬಿಸಿ. ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯಾ ಅಂತಲೂ ಈಗಲೇ ನೋಡಿಕೊಳ್ಳಿ.

3. ಹೊತ್ತಿಗೆ ಸರಿಯಾಗಿ ಬರುವುದನ್ನು ಅಭ್ಯಾಸ ಮಾಡಿಸಿ

"ಟೈಮಿಗೆ ಸರಿಯಾಗಿ ಹೋಗು" ಅಂತ ಬುದ್ಧಿ ಹೇಳಿದರೆ ಪ್ರಯೋಜನ ಕಡಿಮೆ. 8 ಗಂಟೆಯ ಶಿಫ್ಟ್ ಅಂದರೆ 8ಕ್ಕೆ ಗೇಟಿನಲ್ಲಿರುವುದಲ್ಲ, ಹಾಜರಿ ಹಾಕಿ, ಬಟ್ಟೆ ಬದಲಿಸಿ, 8ಕ್ಕೆ ತನ್ನ ಜಾಗದಲ್ಲಿ ನಿಂತಿರುವುದು. ಹೊಸಬರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರುವುದಿಲ್ಲ. ಸೇರುವ ಮುಂಚೆ ಕೆಲಸದ ದಿನವೇ, ಅದೇ ಹೊತ್ತಿನಲ್ಲಿ ಒಮ್ಮೆ ಅಲ್ಲಿಯವರೆಗೆ ಹೋಗಿ ಬರಲು ಹೇಳಿ. ಭಾನುವಾರ ಖಾಲಿ ರಸ್ತೆಯಲ್ಲಿ ಹೋಗಿ ಬಂದ ಲೆಕ್ಕ ಸೋಮವಾರ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ತರಬೇತಿಯನ್ನೂ ಅದೇ ಗಂಟೆಗೆ ಶುರು ಮಾಡಿ. ನೀವೇ ಹತ್ತು ನಿಮಿಷ ತಡವಾಗಿ ಬಂದರೆ ಉಳಿದದ್ದೆಲ್ಲ ಸುಮ್ನೆ.

4. ಹೇಳುವುದನ್ನು ಕಲಿಸಿ

ಇದಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಹೊಸಬರು ಬಾಯಿ ಬಿಡಲೇಬೇಕಾದ ಹೊತ್ತು ನಾಲ್ಕು. ಹೇಳಿದ್ದು ಅರ್ಥವಾಗದಿದ್ದಾಗ. ಬರುವುದು ತಡವಾದಾಗ ಅಥವಾ ಬರಲು ಆಗದಿದ್ದಾಗ. ಏನಾದರೂ ತಪ್ಪಾದಾಗ, ಅಥವಾ ತಪ್ಪಿದಂತೆ ಕಂಡಾಗ. ಮತ್ತು ಕೆಲಸ ಮುಗಿದಾಗ.

ಅರ್ಥವಾಗದ್ದನ್ನು ಹೇಳಿಸಲು ಸುಲಭದ ದಾರಿ, ಕೇಳಿದ ಸೂಚನೆಯನ್ನು ತಿರುಗಿ ಒಪ್ಪಿಸುವುದು. "ಅಂದ್ರೆ ಸರ್, ಮೊದಲು ಈ ಸಾಲಿನ ಸರಕು ಎಣಿಸಿ ಬರೆಯಬೇಕು, ಆಮೇಲೆ ಹರಿದ ಪ್ಯಾಕೆಟ್ ಬೇರೆ ಇಡಬೇಕು, ಮಧ್ಯಾಹ್ನದ ಒಳಗೆ ನಿಮಗೆ ಚೀಟಿ ಕೊಡಬೇಕು, ಸರೀನಾ?" ಇಷ್ಟು ಹೇಳಿದರೆ ತಪ್ಪು ತಿಳಿದದ್ದು ಅಲ್ಲೇ ಸರಿಯಾಗುತ್ತದೆ. ಜೇಬಲ್ಲಿ ಒಂದು ಸಣ್ಣ ಪುಸ್ತಕ, ಪೆನ್ನು ಇರಲಿ. ಒಂದೇ ವಿಷಯ ಎರಡು ಸಲ ಕೇಳಿದರೆ ಯಾರಿಗೂ ಬೇಜಾರಿಲ್ಲ, ಐದನೇ ಸಲಕ್ಕೆ ಬೇಜಾರಾಗುತ್ತದೆ.

ತಡವಾಗುವುದನ್ನು ಹೇಳಲು ಒಂದು ಅಚ್ಚು ಮಾಡಿಕೊಡಿ: ಯಾರು, ಏನಾಗಿದೆ, ಎಷ್ಟು ಹೊತ್ತಿಗೆ ಬರುತ್ತೇನೆ, ನನ್ನಿಂದ ನಿಂತಿರುವ ಕೆಲಸ ಯಾವುದು. "ಸರ್, ನಾನು ಬಿಲ್ಲಿಂಗ್ ಕೌಂಟರ್ ಎರಡರವನು. ಬಸ್ಸು ಕೆಟ್ಟಿದೆ, 8:25ಕ್ಕೆ ಬರ್ತೀನಿ. ಡ್ರಾಯರ್ ಬೀಗದ ಕೈ ನಿನ್ನೆ ರಾತ್ರಿ ಆಫೀಸಲ್ಲಿ ಕೊಟ್ಟಿದ್ದೆ." ಈ ಸಂದೇಶ ಶಿಫ್ಟ್ ಶುರುವಾಗುವ ಮುಂಚೆ ಹೋಗಬೇಕು. ಗೆಳೆಯನ ಹತ್ತಿರ ಹೇಳಿ ಕಳಿಸಿದರೆ ಲೆಕ್ಕಕ್ಕಿಲ್ಲ. ಕರೆ ಮಾಡಬೇಕಾ, ಮೆಸೇಜ್ ಸಾಕಾ, ಯಾರ ನಂಬರಿಗೆ ಅನ್ನುವುದನ್ನು ಸೇರಿದ ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕು.

ಇನ್ನು ತಪ್ಪನ್ನು ಹೇಳುವುದು. ಇದು ಮಾತಲ್ಲಿ ಹೇಳಿಕೊಟ್ಟರೆ ಬರುವುದಿಲ್ಲ, ಮಾಡಿಸಬೇಕು. ನಾನು ಮಾಡಿಸುವ ಒಂದು ಅಭ್ಯಾಸ ಹೀಗಿದೆ. ಮೇಜಿನ ಮೇಲೆ 40 ಸಣ್ಣ ಪೆಟ್ಟಿಗೆ, ಪಕ್ಕದಲ್ಲಿ ಲೇಬಲ್‌ಗಳ ಕಟ್ಟು, ಒಂದು ಪಟ್ಟಿ. ಪಟ್ಟಿ ನೋಡಿ ಲೇಬಲ್ ಅಂಟಿಸಿ ಸಾಲಾಗಿ ಜೋಡಿಸುವುದು ಕೆಲಸ, ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು. ಹನ್ನೆರಡನೆಯದಾಗಿ ಪಟ್ಟಿಯಲ್ಲಿಲ್ಲದ ಒಂದು ಲೇಬಲ್ ಹೆಚ್ಚಿಗೆ ನಾನೇ ಸೇರಿಸಿ ಇಟ್ಟಿರುತ್ತೇನೆ, ಅದು ಅವರಿಗೆ ಗೊತ್ತಿರುವುದಿಲ್ಲ. ಏನು ನಡೆಯುತ್ತದೆ ನೋಡಿ. ಹನ್ನೆರಡಕ್ಕೆ ಬಂದಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಪಟ್ಟಿ ನೋಡುತ್ತಾರೆ, ಲೇಬಲ್ ನೋಡುತ್ತಾರೆ, ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತಾರೆ. ಆಮೇಲೆ ಬಹಳಷ್ಟು ಜನ ಅದನ್ನೇ ಅಂಟಿಸಿ ಮುಂದೆ ಹೋಗುತ್ತಾರೆ. ಅಲ್ಲಿಂದಾಚೆ ಒಂದೊಂದೂ ತಪ್ಪುತ್ತಾ ಹೋಗುತ್ತದೆ, ಕೊನೆಗೆ ಒಂದು ಲೇಬಲ್ ಕೈಯಲ್ಲಿ ಉಳಿಯುತ್ತದೆ.

ಮುಗಿದ ಮೇಲೆ ಬೈಯಬೇಡಿ. "ಹನ್ನೆರಡರಲ್ಲಿ ನಿಂತೆಯಲ್ಲ, ಆಗ ಮನಸ್ಸಲ್ಲಿ ಏನು ಬಂತು?" ಅಂತ ಕೇಳಿ. ಉತ್ತರಗಳು ಹೀಗಿರುತ್ತವೆ: ನನ್ನದೇ ತಪ್ಪು ಅಂದುಕೊಂಡೆ, ನೀವು ಬೈತೀರಿ ಅಂದುಕೊಂಡೆ, ಟೈಮ್ ಆಗಿಬಿಡುತ್ತೆ ಅಂತ, ಕೊನೆಯಲ್ಲಿ ಸರಿ ಮಾಡೋಣ ಅಂತ. ಈ ಮಾತುಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಎಲ್ಲರಿಗೂ ಇದೇ ಭಯ ಇದೆ ಅಂತ ಅವರಿಗೆ ಕಾಣಲಿ. ಆಮೇಲೆ ಹೇಳಬೇಕಾದ ಮಾತನ್ನು ಕೊಡಿ: "ಮೇಡಂ, ಹನ್ನೆರಡನೇ ಲೇಬಲ್ ಪಟ್ಟಿಗೆ ತಾಳೆ ಆಗ್ತಿಲ್ಲ. ಹಿಂದಿನ ಹನ್ನೊಂದು ಮತ್ತೆ ನೋಡಿದೆ, ಸರಿ ಇವೆ. ಮುಂದಿನದು ಅಂಟಿಸದೆ ನಿಲ್ಲಿಸಿದ್ದೀನಿ. ಏನು ಮಾಡಲಿ?" ಏನು ಕಂಡಿತು, ಎಲ್ಲಿಯವರೆಗೆ ಸರಿ ಇದೆ, ಈಗ ಏನು ಮಾಡಿದ್ದೇನೆ, ನಿಮ್ಮಿಂದ ಏನು ಬೇಕು, ಎಲ್ಲ ಅದರಲ್ಲೇ ಬಂತು. ಕ್ಷಮೆ, ಕಾರಣ, ಯಾರ ತಪ್ಪು ಅನ್ನುವ ವಾದ ಯಾವುದೂ ಮೊದಲ ಮಾತಿನಲ್ಲಿ ಬೇಡ.

ಇದನ್ನೇ ಮತ್ತೆ ಮಾಡಿಸಿ, ಈ ಸಲ ನೀವು ಸಿಡುಕಿನ ಸೂಪರ್‌ವೈಸರ್ ಆಗಿ. ಫೋನಿನಲ್ಲಿ ಮಾತಾಡುತ್ತಿರಿ, "ಈಗ ಬೇಡ, ಆಮೇಲೆ ಬಾ" ಅನ್ನಿ. ನಿಜವಾದ ಕೆಲಸದ ಜಾಗದಲ್ಲಿ ಹೀಗೇ ಆಗುವುದು. ಆಗ ಹೊಸಬರು ತಿರುಗಿ ಹೋಗಿ ಅಂಟಿಸಲು ಶುರು ಮಾಡಬಾರದು. "ಸರಿ ಮೇಡಂ, ಅಲ್ಲಿವರೆಗೆ ಲೇಬಲ್ ನಿಲ್ಲಿಸಿ ಉಳಿದ ಪೆಟ್ಟಿಗೆ ಎಣಿಸ್ತಿರ್ತೀನಿ" ಅನ್ನುವಷ್ಟು ಗಟ್ಟಿಯಾಗಬೇಕು. ಮೊದಲ ಸಲ ಧ್ವನಿ ನಡುಗುತ್ತದೆ, ನಡುಗಲಿ. ನಾಲ್ಕೈದು ಸಲ ಮಾಡಿದ ಮೇಲೆ ಬಾಯಿಗೆ ಬಂದುಬಿಡುತ್ತದೆ. ಈಜು ಕಲಿಯುವವರು ನೀರಿಗೆ ಇಳಿಯಲೇಬೇಕಲ್ಲ, ಇದೂ ಹಾಗೆಯೇ.

5. ಕೈಕೆಲಸ ಕಲಿಸುವ ಕ್ರಮ

ಇದಕ್ಕೆ ಹೊಸ ವಿಧಾನ ಹುಡುಕಬೇಕಾಗಿಲ್ಲ. ಅಮೆರಿಕದಲ್ಲಿ ವೃತ್ತಿ ತರಬೇತಿ ಕೊಡುತ್ತಿದ್ದ ಚಾರ್ಲ್ಸ್ ಅಲೆನ್ ಅನ್ನುವವರು 1919ರಲ್ಲೇ ನಾಲ್ಕು ಹಂತದ ಕ್ರಮ ಬರೆದಿಟ್ಟರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಿಗೆ ಅನುಭವವೇ ಇಲ್ಲದ ಜನರನ್ನು ಬೇಗ ತಯಾರು ಮಾಡಬೇಕಾಗಿ ಬಂದಾಗ ಈ ಕ್ರಮವನ್ನೇ ಸೂಪರ್‌ವೈಸರ್‌ಗಳಿಗೆ ಕಲಿಸಿದರು. ಮೊದಲು ಕಲಿಯುವವರ ಹೆದರಿಕೆ ಕಳೆದು, ಅವರಿಗೆ ಈಗಾಗಲೇ ಏನು ಗೊತ್ತು ಅಂತ ತಿಳಿದುಕೊಳ್ಳಿ. ಎರಡು, ಮಾಡಿ ತೋರಿಸಿ. ಮೂರು, ಅವರ ಕೈಲಿ ಮಾಡಿಸಿ. ನಾಲ್ಕು, ಬಿಟ್ಟು ನೋಡಿ, ಆಗಾಗ ಬಂದು ವಿಚಾರಿಸಿ. ಕಲಿಯುವವರಿಗೆ ಬರದಿದ್ದರೆ ಕಲಿಸಿದವರು ಕಲಿಸಿಲ್ಲ ಅನ್ನುವುದು ಆ ತರಬೇತಿಯ ಘೋಷವಾಕ್ಯವೇ ಆಗಿತ್ತು.

ನಮ್ಮಲ್ಲಿ ಹೆಚ್ಚಿನವರು ಎರಡನೇ ಹಂತ ಮಾತ್ರ ಮಾಡುತ್ತಾರೆ, ಅದೂ ಅವಸರದಲ್ಲಿ. ತೋರಿಸುವಾಗ ಮೂರು ಸಲ ತೋರಿಸಿ. ಮೊದಲ ಸಲ ಬರೀ ಹಂತ, ಎರಡನೇ ಸಲ ಪ್ರತಿ ಹಂತದಲ್ಲಿ ಗಮನಿಸಬೇಕಾದ್ದು, ಮೂರನೇ ಸಲ ಅದು ಯಾಕೆ ಅಂತ. ಕ್ಯಾಶ್ ಕೌಂಟರ್ ಉದಾಹರಣೆ ತಗೊಳ್ಳಿ. ಹಂತ: ಹಣ ತಗೋ, ಚಿಲ್ಲರೆ ಕೊಡು, ಡ್ರಾಯರ್ ಮುಚ್ಚು. ಗಮನಿಸಬೇಕಾದ್ದು: ಗ್ರಾಹಕರು ಎಷ್ಟು ಕೊಟ್ಟರು ಅಂತ ಜೋರಾಗಿ ಹೇಳು, ಚಿಲ್ಲರೆ ಅವರ ಕೈ ಸೇರುವ ತನಕ ಅವರು ಕೊಟ್ಟ ನೋಟು ಡ್ರಾಯರ್ ಒಳಗೆ ಹೋಗಬಾರದು, ಹೊರಗೆ ಕಾಣುವಂತೆ ಇರಲಿ. ಯಾಕೆ: "ನಾನು ದೊಡ್ಡ ನೋಟು ಕೊಟ್ಟಿದ್ದೆ" ಅಂತ ತಕರಾರು ಬಂದರೆ ನೋಟು ಇಬ್ಬರ ಕಣ್ಣೆದುರೇ ಇರುತ್ತದೆ. ಯಾಕೆ ಅಂತ ಗೊತ್ತಿದ್ದವರು ಗಡಿಬಿಡಿಯ ಹೊತ್ತಲ್ಲೂ ಆ ಹಂತ ಬಿಡುವುದಿಲ್ಲ. ಮಾಡಿಸುವಾಗ ಅವರ ಬಾಯಲ್ಲೇ ಕಾರಣ ಹೇಳಿಸಿ.

6. ಸುರಕ್ಷತೆಯನ್ನು ಮೊದಲ ದಿನಕ್ಕಿಂತ ಮುಂಚೆ ಮುಗಿಸಿ

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಪೆಟ್ಟಾಗುವ ಸಾಧ್ಯತೆ, ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರಿಗಿಂತ ಮೂರು ಪಟ್ಟು ಜಾಸ್ತಿ ಅಂತ ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನಗಳು ಕಂಡಿವೆ. ಕಾರಣ ಊಹಿಸಬಹುದು. ಜಾಗ ಹೊಸದು, ಯಂತ್ರ ಹೊಸದು, ಕೇಳಲು ಸಂಕೋಚ. ಹಾಗಾಗಿ ಹೊಸಬರ ಪುಸ್ತಕದ ಮೊದಲ ಪುಟದಲ್ಲಿ ಈ ಪ್ರಶ್ನೆಗಳು ಇರಲಿ: ಇಲ್ಲಿ ನನಗೆ ಪೆಟ್ಟಾಗುವುದಾದರೆ ಯಾವುದರಿಂದ? ಯಂತ್ರ ನಿಲ್ಲಿಸುವ ಸ್ವಿಚ್ ಎಲ್ಲಿದೆ? ಬೆಂಕಿ ಹತ್ತಿದರೆ ಯಾವ ಬಾಗಿಲು? ಪೆಟ್ಟಾದರೆ ಯಾರಿಗೆ ಹೇಳಬೇಕು?

ಕಲಿಸದ ಯಂತ್ರ ಮುಟ್ಟಬಾರದು, ಯಾರೇ ಹೇಳಿದರೂ ಸುರಕ್ಷತೆಯ ಕವಚ ತೆಗೆದ ಯಂತ್ರದ ಹತ್ತಿರ ಕೈ ಹಾಕಬಾರದು. "ಇದು ನನಗೆ ಇನ್ನೂ ಕಲಿಸಿಲ್ಲ ಸರ್, ಒಮ್ಮೆ ತೋರಿಸ್ತೀರಾ?" ಅನ್ನುವ ಮಾತನ್ನೂ ಅಭ್ಯಾಸ ಮಾಡಿಸಿ. ಜೀವಕ್ಕೆ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರಿಗೆ ತೊಂದರೆ ಕೊಡಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಪ್ಪಂದದಲ್ಲೇ ಇದೆ. ಹುಡುಗರಿಗೆ ಇದು ಗೊತ್ತಿರಲಿ.

7. ಬಯೋಡೇಟಾ, ಇಂಟರ್‌ವ್ಯೂ

ಬಯೋಡೇಟಾ ಒಂದು ಪುಟ ಸಾಕು. ಅನುಭವ ಇಲ್ಲ ಅಂತ ಖಾಲಿ ಬಿಡುವ ಬದಲು ಮಾಡಿದ್ದನ್ನು ಬರೆಸಿ. ಮನೆಯ ಅಂಗಡಿಯಲ್ಲಿ ಲೆಕ್ಕ ನೋಡಿದ್ದು, ಕಾಲೇಜು ಕಾರ್ಯಕ್ರಮಕ್ಕೆ ಕುರ್ಚಿ ಬಾಡಿಗೆಯಿಂದ ಹಿಡಿದು ಎಲ್ಲ ಓಡಾಡಿದ್ದು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡದ್ದು. ಇವೆಲ್ಲ ಕೆಲಸವೇ ಅಲ್ವಾ? ಬಾರದ್ದನ್ನು ಬರುತ್ತದೆ ಅಂತ ಬರೆಸಬೇಡಿ. ಎಕ್ಸೆಲ್ ಬರುತ್ತದೆ ಅಂತ ಬರೆದವರಿಗೆ ಒಂದು ಶೀಟ್ ತೆರೆದು ಕೊಟ್ಟು ಮೊತ್ತ ತೆಗೆಯಲು ಹೇಳಿದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ. ಇಮೇಲ್ ಐಡಿ ಸ್ವಂತ ಹೆಸರಿನಲ್ಲಿ ಇರಲಿ.

ಇಂಟರ್‌ವ್ಯೂಗೆ ಬಾಯಿಪಾಠ ಮಾಡಿಸಬೇಡಿ, ಮೊದಲ ವಾಕ್ಯಕ್ಕೇ ಗೊತ್ತಾಗುತ್ತದೆ. ಬದಲಿಗೆ ಸ್ವಂತ ಜೀವನದಿಂದ ಎರಡು ಮೂರು ಘಟನೆ ತಯಾರಿರಲಿ: ಏನಾಗಿತ್ತು, ನನ್ನ ಜವಾಬ್ದಾರಿ ಏನಿತ್ತು, ನಾನೇನು ಮಾಡಿದೆ, ಕೊನೆಗೆ ಏನಾಯಿತು. ಒಂದೊಂದು ಒಂದು ನಿಮಿಷದಲ್ಲಿ. ಇದರಲ್ಲಿ "ನಾನೇನು ಮಾಡಿದೆ" ಅನ್ನುವ ಭಾಗ ಉದ್ದ ಇರಬೇಕು. "ಗೊತ್ತಿಲ್ಲ, ಆದರೆ ಕಲಿಯಬಲ್ಲೆ" ಅಂತ ಕಣ್ಣು ನೋಡಿ ಹೇಳುವುದು ಮೇಲಿನ ನಾಲ್ಕನೇ ಭಾಗದಲ್ಲಿ ಕಲಿತದ್ದರದೇ ಮುಂದುವರಿಕೆ. ಕೊನೆಗೆ "ನಿಮಗೇನಾದರೂ ಕೇಳಬೇಕಾ?" ಅಂದಾಗ ಸುಮ್ಮನೆ ಕೂರುವುದು ಬೇಡ. ಮೊದಲ ವಾರ ಯಾರ ಜೊತೆ ಕೆಲಸ ಮಾಡಬೇಕು, ಮೊದಲ ತಿಂಗಳಲ್ಲಿ ನನ್ನಿಂದ ಏನು ಬಯಸುತ್ತೀರಿ, ಇಷ್ಟು ಕೇಳಲಿ.

8. ಅವರ ಹಕ್ಕುಗಳನ್ನೂ ಇದೇ ತರಬೇತಿಯಲ್ಲಿ ಹೇಳಿ

ಮಾಲೀಕರಿಗೆ ಏನು ಬೇಕು ಅಂತಷ್ಟೇ ಕಲಿಸಿ ಕಳಿಸುವುದು ಅನ್ಯಾಯ. ಮೊಟ್ಟಮೊದಲ ಮಾತು: ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬರಬೇಕು. ರಿಜಿಸ್ಟ್ರೇಷನ್, ಡೆಪಾಸಿಟ್, ಯೂನಿಫಾರ್ಮ್ ಅಂತ ಹೆಸರು ಏನೇ ಇರಲಿ. ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಲಿ ಸುತ್ತಿಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅನ್ನುವುದು ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದದ ಸಾಮಾನ್ಯ ನಿಯಮ. ಮೂಲ ದಾಖಲೆಗಳನ್ನು ತೋರಿಸಿ ವಾಪಸ್ ತರಬೇಕು, ಯಾರ ಹತ್ತಿರವೂ ಬಿಟ್ಟು ಬರಬಾರದು.

ಸೇರುವ ಮುಂಚೆ ಬರಹದಲ್ಲಿ ಇರಬೇಕಾದ್ದು: ಸಂಬಳ ಎಷ್ಟು, ಯಾವ ತಾರೀಖು, ಏನೇನು ಕಡಿತ, ಕೆಲಸದ ಗಂಟೆ, ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಲೆಕ್ಕ, ರಜೆ, ಪ್ರೊಬೇಷನ್ (ಕಾಯಂ ಮಾಡುವ ಮುಂಚಿನ ಅವಧಿ) ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನ ಮುಂಚೆ ತಿಳಿಸಬೇಕು. 1919ರಲ್ಲಿ ಅದೇ ಕಾರ್ಮಿಕ ಸಂಸ್ಥೆ ಮಾಡಿದ ಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದ್ದು. ಒಂದೊಂದು ದೇಶದ ಕಾನೂನು ಬೇರೆ ಬೇರೆ ಇರುತ್ತದೆ, ನಿಮ್ಮಲ್ಲಿ ಏನಿದೆ ಅಂತ ತಿಳಿದು ಹೇಳಿ. ಒಂದು ಮಾದರಿ ಪೇ ಸ್ಲಿಪ್ ಹಿಡಿದುಕೊಂಡು ಸಾಲು ಸಾಲಾಗಿ ಓದಿಸಿ. ಒಟ್ಟು ಸಂಬಳಕ್ಕೂ ಕೈಗೆ ಬಂದ ಸಂಬಳಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ, ಮೋಸ ಹೋದೆ ಅಂದುಕೊಂಡು ಮೊದಲ ಸಂಬಳದ ದಿನವೇ ಕೆಲಸ ಬಿಟ್ಟು ಬರುವವರಿದ್ದಾರೆ. ಕೆಲವು ಸಲ ನಿಜವಾಗಿಯೂ ಮೋಸ ಆಗಿರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಸ್ಲಿಪ್ ಓದಲು ಬರಬೇಕು.

9. ಸೇರಿಸಿ ಕೈ ತೊಳೆದುಕೊಳ್ಳಬೇಡಿ

ಹೊಸಬರು ಕೆಲಸ ಬಿಡುವುದು ಹೆಚ್ಚಾಗಿ ಶುರುವಿನಲ್ಲೇ. ಹಾಗಾಗಿ ಮೂರು ಹೊತ್ತಿಗೆ ಖಂಡಿತ ಕರೆ ಮಾಡಿ: ಮೊದಲ ದಿನ ಸಂಜೆ, ಮೊದಲ ವಾರದ ಕೊನೆಗೆ, ಮೊದಲ ಸಂಬಳ ಬಂದ ಮೇಲೆ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಷ್ಟೇ ಬರುತ್ತದೆ. ಇವತ್ತು ಏನು ಮಾಡಿದೆ, ಯಾರ ಜೊತೆ ಊಟ ಮಾಡಿದೆ, ಯಾವುದು ಅರ್ಥವಾಗಲಿಲ್ಲ, ಅದನ್ನು ಯಾರಿಗೆ ಹೇಳಿದೆ ಅಂತ ಕೇಳಿ. ಒಂಟಿಯಾಗಿ ಊಟ ಮಾಡುತ್ತಿದ್ದಾರೆ ಅಂದರೆ ಕಿವಿ ನೆಟ್ಟಗಾಗಲಿ.

ಸೂಪರ್‌ವೈಸರ್‌ಗೂ ಒಂದು ಕರೆ ಮಾಡಿ. ಹೊಸಬರಿಗೆ ಅಂತ ಒಬ್ಬ ಹಳೆಯ ಕೆಲಸಗಾರರನ್ನು ಜೊತೆ ಮಾಡಿದ್ದೀರಾ ಅಂತ ವಿಚಾರಿಸಿ. ತಪ್ಪು ಒಪ್ಪಿಕೊಂಡು ಬಂದವರಿಗೆ ಎಲ್ಲರೆದುರು ಬೈದರೆ ಎರಡನೇ ಸಲ ಅವರು ಬರುವುದಿಲ್ಲ ಅನ್ನುವುದನ್ನು ಮಾಲೀಕರಿಗೂ ನೇರವಾಗಿ ಹೇಳಿ. ಹುಡುಗರನ್ನು ಬಾಯಿ ಬಿಡಲು ತಯಾರು ಮಾಡಿ ಕಳಿಸಿದ ನಮಗೆ, ಅಲ್ಲಿ ಕೇಳಿಸಿಕೊಳ್ಳುವವರು ಇದ್ದಾರಾ ಅಂತ ಕೇಳುವ ಹಕ್ಕಿದೆ.

ಕೆಲಸ ಹೊಂದದಿದ್ದರೆ ಬಿಡುವುದನ್ನೂ ಕಲಿಸಿರಿ. ಫೋನ್ ಆಫ್ ಮಾಡಿ ಮನೆಯಲ್ಲಿ ಕೂತರೆ ಬಾಕಿ ಸಂಬಳವೂ ಸಿಕ್ಕುವುದು ಕಷ್ಟ, ಅನುಭವ ಪತ್ರವೂ ಕಷ್ಟ. ನಾಲ್ಕು ಸಾಲಿನ ಪತ್ರ ಸಾಕು: ಇಂಥ ತಾರೀಖಿನಿಂದ ಬಿಡುತ್ತಿದ್ದೇನೆ, ಅಲ್ಲಿಯವರೆಗೆ ಬರುತ್ತೇನೆ, ನನ್ನ ಹತ್ತಿರ ಇರುವ ಐಡಿ ಕಾರ್ಡು, ಬೀಗದ ಕೈ, ಯೂನಿಫಾರ್ಮು ಇಂಥವರಿಗೆ ಕೊಡುತ್ತೇನೆ, ಬಾಕಿ ಲೆಕ್ಕ ತಿಳಿಸಿ. ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಬೇಕು. ಹಾಗೆ ಬಿಟ್ಟು ನಿಮ್ಮ ಹತ್ತಿರ ವಾಪಸ್ ಬಂದವರನ್ನು ಕೂರಿಸಿಕೊಂಡು ಅಲ್ಲಿ ಏನಾಯಿತು ಅಂತ ಪೂರ್ತಿ ಕೇಳಿ ಬರೆದುಕೊಳ್ಳಿ. ಮುಂದಿನ ತಂಡಕ್ಕೆ ಪಾಠ ಮಾಡುವಾಗ ಆ ಟಿಪ್ಪಣಿ ಕೈಯಲ್ಲಿರಲಿ.